ಮಡಚದ ಚಾಕು

ರಾಯರು ತೀರಿಕೊಂಡು ಹದಿನೈದು ದಿನ ಆಗಿರಬೇಕು, ಬೊಂಬಾಯಿಯ ಮಾಟುಂಗದ ನಮ್ಮ ಕನ್ನಡ ಸಂಘದ ಕಾರ್ಯದರ್ಶಿ ಮನೆಗೆ ಬಂದರು. ಶ್ರದ್ಧಾಂಜಲಿ ಸಂಚಿಕೆ ತರುತ್ತಾರಂತೆ. "ನೀವು ಅವರ ಕೈಕೆಳಗೆ ಏಳು ವರ್ಷ ಕೆಲಸ ಮಾಡಿದವರು, ನಾಲ್ಕು ಒಳ್ಳೆಯ ಮಾತು ಬರೆದುಕೊಡಿ" ಎಂದು ಕಾಫಿ ಕುಡಿದು ಹೋದರು. ನಾಲ್ಕು ಹುಡುಕಲು ಕೂತೆ. ಎರಡು ಸಿಕ್ಕವು. ಒಂದು, ಅವರ ಇಂಗ್ಲಿಷು. ಹಡಗು ಕಂಪನಿಯ ಗೋರಾ ಕ್ಯಾಪ್ಟನ್ನುಗಳು ಕೂಡ ಅವರು ಬರೆದ ಕಾಗದವನ್ನು ಎರಡು ಸಲ ಓದುತ್ತಿದ್ದರು. ಇನ್ನೊಂದು, ಊರ ಕಡೆಯಿಂದ ಬಂದ ಹುಡುಗರಿಗೆ ಕೆಲಸ ಕೊಡಿಸುತ್ತಿದ್ದರು. ನನಗೂ ಕೊಡಿಸಿದವರು ಅವರೇ. ಮೂರನೆಯದಕ್ಕೆಂದು ಪೆನ್ನು ಹಿಡಿದಾಗಲೆಲ್ಲ ಅವರ ಚಾಕು ಅಡ್ಡ ಬರುತ್ತದೆ. ಹಾಗಾಗಿ ಸಂಚಿಕೆಗೆ ಬೇರೆ ಏನೋ ಗೀಚಿ ಕೊಟ್ಟೆ. ಇದನ್ನು ಬೇರೆಯಾಗಿ ಬರೆಯುತ್ತಿದ್ದೇನೆ. ಹೆಸರು ಹಾಕುವುದಿಲ್ಲ, ಅವರ ಮಕ್ಕಳು ಒಳ್ಳೆಯವರು.

ಬಲ್ಲಾರ್ಡ್ ಪಿಯರಿನಲ್ಲಿ ಹಡಗಿನ ಸರಕು ಬಿಡಿಸಿಕೊಡುವ ಒಂದು ಕಂಪನಿ ನಮ್ಮದು. ರಾಯರು ಹೆಡ್ ಕ್ಲಾರ್ಕ್. ಉಡುಪಿಯ ಕಡೆಯವರು. ಹಣೆಯಲ್ಲಿ ಅಂಗಾರದ ಗೆರೆ, ಕತ್ತಿನ ತನಕ ಗುಂಡಿ ಹಾಕಿದ ಬಿಳಿ ಕೋಟು, ಹೆಗಲಿಗೆ ಒಂದು ಚೀಲ. ಆ ಚೀಲದಲ್ಲಿ ತಾಮ್ರದ ಲೋಟ, ಒಗೆದ ಪಂಚೆಯ ತುಂಡು, ಎರಡು ಹಣ್ಣು. ಕಚೇರಿಯ ನೀರು ಕುಡಿಯರು, ಕ್ಯಾಂಟೀನಿನ ಕಡೆ ತಲೆ ಹಾಕಿಯೂ ಮಲಗರು. ಮಧ್ಯಾಹ್ನಕ್ಕೆ ಹಣ್ಣು ಮಾತ್ರ. ಸಿಪ್ಪೆ ಇರುವ ಹಣ್ಣಿಗೆ ಯಾರು ಮುಟ್ಟಿದರೂ ಮೈಲಿಗೆಯಿಲ್ಲ, ಕೊಯ್ದ ಮೇಲೆ ಕೊಯ್ದವನ ಮೈಲಿಗೆ ಒಳಗೆ ಹೋಗುತ್ತದೆ ಎಂಬುದು ಅವರ ಸಿದ್ಧಾಂತ. "ಕತ್ತಿಯಲ್ಲಿ ಉಂಟು ಮಾರಾಯ ಎಲ್ಲ, ಹಣ್ಣಿನಲ್ಲಿ ಎಂಥ ಉಂಟು?" ಎನ್ನುತ್ತಿದ್ದರು. ಬೊಂಬಾಯಿಯಲ್ಲಿ ಯಾರ ಚಾಕು ಬೆಳಿಗ್ಗೆ ಏನನ್ನು ಕೊಯ್ದಿತ್ತೋ, ಈರುಳ್ಳಿಯೋ ಮೊಟ್ಟೆಯೋ ಇನ್ನೇನೋ. ಆದ್ದರಿಂದ ತಮ್ಮದೇ ಒಂದು ಚಾಕು ದಿನಾ ಚೀಲದಲ್ಲಿ ಇರಬೇಕೆಂದು ಅವರಿಗೆ ತೋರಿತು.

ಆಗ ದಕ್ಷಿಣದವರ ಹೋಟೆಲುಗಳಿಗೆ ಕಲ್ಲು ಬೀಳುತ್ತಿದ್ದ ಕಾಲ. ಕತ್ತಲಾದ ಮೇಲೆ ಲೋಕಲ್ ರೈಲಿನಲ್ಲಿ ಬಾಯಿಬಿಟ್ಟು ಕನ್ನಡ ಆಡಲು ನಮ್ಮವರು ಹಿಂದೆಮುಂದೆ ನೋಡುತ್ತಿದ್ದರು. ಜೇಬಿನಲ್ಲೊಂದು ಚಾಕು ಇಟ್ಟುಕೊಂಡರೆ ಹೇಗೆ ಎಂಬ ಯೋಚನೆ ಆ ವರ್ಷ ಹಲವರ ತಲೆಗೆ ಬಂದಿತ್ತು. ರಾಯರ ತಲೆಗೂ ಬಂತು, ಸೇಬು ಕೊಯ್ಯುವುದಕ್ಕೆ.

ಆಗ ನಾನು ಕೆಲಸಕ್ಕೆ ಸೇರಿ ಎರಡು ತಿಂಗಳು. ಮಾಟುಂಗದಲ್ಲೇ ಒಂದು ಚಾಳಿನಲ್ಲಿ ಐವರ ಜೊತೆ ಇದ್ದೆ, ರಾಯರ ಮನೆ ಎರಡು ಗಲ್ಲಿ ಆಚೆ. ಶನಿವಾರ ಅರ್ಧ ದಿನ ರಜೆ ಸಿಕ್ಕಿತೆಂದರೆ, "ಬಾ ಮಾರಾಯ, ಒಂದು ಚಾಕು ನೋಡಿ ಬರುವ" ಎಂದು ನನ್ನನ್ನು ಹಿಡಿದುಕೊಂಡು ಹೊರಡುತ್ತಿದ್ದರು. ಒಂದು ಶನಿವಾರ ಅಲ್ಲ, ಮೂರು ತಿಂಗಳ ಶನಿವಾರಗಳು.

ಮೊದಲು ಮಡಚುವ ಚಾಕು ತಿರಸ್ಕೃತವಾಯಿತು. ಮಡಚುವಲ್ಲಿ ಕೀಲು ಇರುತ್ತದೆ, ಕೀಲಿನ ಸಂದಿಯಲ್ಲಿ ನಿನ್ನೆಯ ಹಣ್ಣಿನ ರಸ ಉಳಿಯುತ್ತದೆ, ಅದು ಮುಸುರೆ. ಎಷ್ಟು ತೊಳೆದರೂ ಮುಸುರೆ. ಸರಿ, ಮಡಚದ ಚಾಕು. ಅದರಲ್ಲಿ ಕೊಂಬಿನ ಹಿಡಿ ಇದ್ದದ್ದು ಆಗುವುದಿಲ್ಲ, ಎಲುಬಿನದು ಕೇಳಲೇಬೇಡಿ. ಮರದ ಹಿಡಿಯಲ್ಲಿ ಅಲಗನ್ನು ಅರಗು ಹಾಕಿ ಕೂರಿಸಿರುತ್ತಾರೆ, ಅರಗು ಎಂದರೆ ಹುಳದ ಉಗುಳು. ಪ್ಲಾಸ್ಟಿಕ್ಕಿನ ಹಿಡಿಗೆ ಮೊಳೆ ಹೊಡೆದಿರುತ್ತಾರೆ, ಮೊಳೆಯ ಸುತ್ತ ಮತ್ತೆ ಸಂದಿ, ಮತ್ತೆ ಮುಸುರೆ. ಒರೆ ಚರ್ಮದ್ದಾದರೆ ಅಂಗಡಿಯ ಮೆಟ್ಟಿಲನ್ನೂ ಹತ್ತುವುದಿಲ್ಲ. ಬರೀ ಕಬ್ಬಿಣದ ಅಲಗು ಹುಳಿ ತಾಗಿದರೆ ಕಪ್ಪಾಗಿ ನಾರುತ್ತದೆ, ಅದನ್ನು ನೋಡಲು ಚೀಲದಲ್ಲಿ ಒಂದು ಲಿಂಬೆಹಣ್ಣು ಕೂಡ ಇರುತ್ತಿತ್ತು. ಉದ್ದ ನಾಲ್ಕು ಬೆರಳು ಮೀರಬಾರದು, ಮೀರಿದರೆ ಸ್ಟೇಷನ್ನಿನಲ್ಲಿ ಪೊಲೀಸ್ ಹಿಡಿಯುತ್ತಾನೆ. ಇಷ್ಟು ಶರತ್ತು ಹಾಕಿ ಅವರು ಸೊಸೆಯನ್ನೂ ಹುಡುಕಲಿಲ್ಲ.

ಇನ್ನು ಅಂಗಡಿಯವನು ಚಾಕು ಎತ್ತಿ ಕೊಟ್ಟರೆ ಕೈಯಿಂದ ತೆಗೆದುಕೊಳ್ಳುತ್ತಿರಲಿಲ್ಲ. ಕೈಯಿಂದ ಕೈಗೆ ಕತ್ತಿ ಕೊಟ್ಟರೆ ಜಗಳವಾಗುತ್ತದೆಂದು ನಮ್ಮ ಕಡೆ ನಂಬಿಕೆ. ಕೆಳಗೆ ಇಡಬೇಕು, ಆಮೇಲೆ ಇವರು ಎತ್ತಿಕೊಳ್ಳಬೇಕು. ದಾದರಿನಲ್ಲಿ ಒಬ್ಬ ಅಂಗಡಿಯವ ಹದಿನಾಲ್ಕು ಚಾಕುಗಳನ್ನು ಒಂದೊಂದಾಗಿ ಇಟ್ಟು, ರಾಯರು ಒಂದೊಂದಾಗಿ ಎತ್ತಿ, ಮೂಸಿ, ವಾಪಸು ಇಟ್ಟ ಮೇಲೆ ತಡೆಯಲಾರದೆ, "ಸೇಠ್, ಚಾಕೂ ಲೇನೇಕೋ ಆಯಾ ಕಿ ಲಡ್ಕೀ ದೇಖ್ನೇಕೋ?" ಎಂದ. ಚಾಕು ಕೊಳ್ಳಲು ಬಂದದ್ದೋ ಹೆಣ್ಣು ನೋಡಲು ಬಂದದ್ದೋ. ನನಗೆ ನಗು ತಡೆಯಲಿಲ್ಲ. ರಾಯರು ಲಿಂಬೆಹಣ್ಣನ್ನು ಚೀಲಕ್ಕೆ ಹಾಕಿಕೊಂಡು, "ಇವನಿಗೆ ವ್ಯಾಪಾರ ಗೊತ್ತಿಲ್ಲ" ಎಂದು ಇಳಿದರು.

ಕೊನೆಗೆ ಗ್ರಾಂಟ್ ರೋಡಿನ ಒಂದು ಗಲ್ಲಿಯಲ್ಲಿ ಸಾಣೆ ಹಿಡಿಯುವ ಮುದುಕನೊಬ್ಬ ಸಿಕ್ಕಿದ. ಇವರ ಪುರಾಣವನ್ನೆಲ್ಲ ಕಣ್ಣು ಮುಚ್ಚಿ ಕೇಳಿ, ಮುಂದಿನ ಶನಿವಾರ ಬನ್ನಿ ಎಂದ. ಹೋದಾಗ ಒಂದೇ ಉಕ್ಕಿನ ತುಂಡಿನಲ್ಲಿ ಮಾಡಿದ ಸಣ್ಣ ಚಾಕು ಸಿದ್ಧವಾಗಿತ್ತು. ಹಿಡಿಯೂ ಅದೇ ಉಕ್ಕು, ತುದಿಯಲ್ಲಿ ದಾರ ಪೋಣಿಸಲು ಒಂದು ತೂತು. ಕೀಲಿಲ್ಲ, ಮೊಳೆಯಿಲ್ಲ, ಅರಗಿಲ್ಲ. ಲಿಂಬೆಹಣ್ಣು ಎರಡಾಯಿತು, ಅಲಗು ಹೊಳೆಯುತ್ತಲೇ ಇತ್ತು. ಉಕ್ಕು ಎಲ್ಲಿಯದು ಎಂದು ನಾನು ಕೇಳಿದೆ. "ಭಂಗಾರ್ ಕಾ" ಎಂದ ಮುದುಕ, ಗುಜರಿಯದು. ಆ ಉಕ್ಕು ಹಿಂದಿನ ಜನ್ಮದಲ್ಲಿ ಕಟುಕನ ಕತ್ತಿಯೋ ಆಸ್ಪತ್ರೆಯ ಗರಗಸವೋ ರಾಯರು ಕೇಳಲಿಲ್ಲ. ಮೂರು ತಿಂಗಳಲ್ಲಿ ಅವರು ಕೇಳದೆ ಬಿಟ್ಟ ಪ್ರಶ್ನೆ ಅದೊಂದೇ. ಕ್ಯಾನ್ವಾಸಿನ ಒರೆಯನ್ನು ಮಾಟುಂಗದ ದರ್ಜಿ ಹೊಲಿದುಕೊಟ್ಟ.

ಆಮೇಲೆ ಕಚೇರಿಯಲ್ಲಿ ಆ ಚಾಕುವಿನ ಸೇವೆ ಶುರುವಾಯಿತು. ಬಂದ ಕೂಡಲೆ ಚೀಲದಿಂದ ತೆಗೆದು ಮೇಜಿನ ಬಲಗಡೆಯ ಡ್ರಾಯರಿನಲ್ಲಿ ಪಂಚೆಯ ತುಂಡಿನ ಮೇಲೆ ಇಡುವುದು. ಮಧ್ಯಾಹ್ನ ತೊಳೆದು, ಕೊಯ್ದು, ತೊಳೆದು, ಒರೆಸಿ, ಕಿಟಕಿಯ ಬಿಸಿಲಿಗೆ ಒಣಗಿಸಿ, ಮತ್ತೆ ಡ್ರಾಯರಿಗೆ. ಒಮ್ಮೆ ಟೈಪಿಸ್ಟ್ ಒಬ್ಬ ಅದರಿಂದ ಪೆನ್ಸಿಲ್ ಹೆರೆದುಬಿಟ್ಟ. ರಾಯರು ಅವನಿಗೆ ಏನೂ ಅನ್ನಲಿಲ್ಲ. ಚಾಕುವನ್ನು ಮನೆಗೆ ಒಯ್ದು ಬಿಸಿನೀರಿನಲ್ಲಿ ಕುದಿಸಿ, ಮೂರು ದಿನ ತುಳಸಿಕಟ್ಟೆಯ ಹತ್ತಿರ ಇಟ್ಟು ತಂದರಂತೆ. ಟೈಪಿಸ್ಟನ ರಜೆ ಅರ್ಜಿ ಮಾತ್ರ ಆ ತಿಂಗಳು ಮೂರು ಸಲ ವಾಪಸು ಬಂತು.

ನಮ್ಮ ಮಹಡಿಯ ಪಟ್ಟೇವಾಲಾ, ಎಂದರೆ ಜವಾನ, ದುರ್ಗಪ್ಪ, ಬಿಜಾಪುರದ ಕಡೆಯವನು. ನಲವತ್ತೈದು ದಾಟಿತ್ತು. ಲಿಫ್ಟು ಸಾಹೇಬರಿಗೆ ಮಾತ್ರ ಇದ್ದ ಕಟ್ಟಡದಲ್ಲಿ ನಾಲ್ಕು ಮಹಡಿಗಳನ್ನು ದಿನಕ್ಕೆ ಇಪ್ಪತ್ತು ಸಲ ಹತ್ತಿಳಿದು ಅವನ ಮೊಣಕಾಲು ಹೋಗಿದ್ದವು. ಆ ವರ್ಷ ದಫ್ತರಿಯ ಜಾಗ ಖಾಲಿಯಾಯಿತು. ಹಳೆಯ ಕಡತಗಳನ್ನು ಜೋಡಿಸಿ, ಹೊಲಿದು, ಕೇಳಿದಾಗ ತೆಗೆದುಕೊಡುವ ಕೆಲಸ. ದುರ್ಗಪ್ಪನಿಗೆ ಓದು ಬರೆಹ ಅಷ್ಟಿಷ್ಟು ಬರುತ್ತಿತ್ತು, ಸರದಿಯೂ ಅವನದೇ. ಹೆಡ್ ಕ್ಲಾರ್ಕಿನ ಒಂದು ಸಾಲಿನ ಶಿಫಾರಸು ಆಗಬೇಕಿತ್ತು, ಅಷ್ಟೇ.

"ಪಗಾರದ ಮಾತ ಅಲ್ರೀ ಸಾಹೇಬ್ರ," ಎಂದು ನನ್ನ ಹತ್ತಿರ ಹೇಳುತ್ತಿದ್ದ. "ಕುಂತ್ ಮಾಡೂ ಕೆಲಸ ಐತಿ ನೋಡ್ರಿ ಅದು. ಒಂದು ಸ್ಟೂಲ್ ಕೊಡ್ತಾರ. ಇನ್ನ ಒಂದ್ ಎರಡು ವರ್ಷ ಹಿಂಗ ಏರಿ ಇಳದ್ರ ನನ್ನ ಕಾಲು ಮುಗೀತಾವ. ರಾಯರಿಗೆ ನೀವು ಒಂದು ಮಾತು ಹೇಳ್ರಿ."

ಹೇಳಿದೆ. "ಮಾಡುವ, ಒಳ್ಳೆ ಮನುಷ್ಯ ಅವನು" ಎಂದರು ರಾಯರು. ಹಾಗೆ ಅಂದದ್ದು ನಿಜ, ಅದನ್ನು ಅಲ್ಲಗಳೆಯಲಾರೆ.

ಅವರಿಗೆ ಸಕ್ಕರೆ ಕಾಯಿಲೆ. ಉಪವಾಸ ಕೂಡದೆಂದು ಡಾಕ್ಟರು ಹೇಳಿದ್ದರು. ಏಕಾದಶಿ ಬಿಡಲು ರಾಯರು ತಯಾರಿಲ್ಲ. ಡಾಕ್ಟರ ಮಾತಿಗೆ ಬೆಳಿಗ್ಗೆ ಗುಳಿಗೆ ನುಂಗುವರು, ಶಾಸ್ತ್ರದ ಮಾತಿಗೆ ಊಟ ಬಿಡುವರು. ಎರಡೂ ಕಡೆಯವರನ್ನು ಒಟ್ಟಿಗೆ ಸಂತೋಷಪಡಿಸುವ ಈ ಬುದ್ಧಿವಂತಿಕೆ ಒಂದು ಏಕಾದಶಿಯ ಮಧ್ಯಾಹ್ನ ಕೈಕೊಟ್ಟಿತು. ಮೂರು ಗಂಟೆಗೆ ಒಂದು ಮೂಸಂಬಿ ತಿನ್ನುವ ವಾಡಿಕೆ ಇತ್ತು. ಆ ದಿನ ಯಾವುದೋ ಹಡಗಿನ ಕಾಗದಪತ್ರ ಬಂದು ಹೊತ್ತು ಮೀರಿತು. ನಾನು ನೋಡುತ್ತಿದ್ದಂತೆ ರಾಯರ ಮುಖದಿಂದ ಬೆವರು ಇಳಿಯತೊಡಗಿತು, ಮಾತು ತೊದಲಿತು, ಪೆನ್ನು ಹಾಳೆ ಬಿಟ್ಟು ಮೇಜಿನ ಮೇಲೆ ಗೆರೆ ಎಳೆಯಿತು. ಕುರ್ಚಿಯಿಂದ ಜಾರಿದರು. ಎದೆಯೇ ನಿಂತಿತೆಂದು ನಾನು ಫೋನಿನ ಕಡೆ ಓಡಿದೆ.

"ಎದಿ ಅಲ್ರೀ ಇದು, ಸಕ್ರಿ ಇಳದದ. ನಮ್ಮ ಅವ್ವಗ ಹಿಂಗ ಆಗತಿತ್ತು," ಎಂದ ದುರ್ಗಪ್ಪ. "ನೀವು ಬರ್ರಿ ಇಲ್ಲಿ, ತಲಿ ಎತ್ತಿ ಹಿಡೀರಿ."

ನಾನು ತಲೆ ಎತ್ತಿ ಹಿಡಿದೆ. ಅವನು ಡ್ರಾಯರು ಎಳೆದ, ಚಾಕು ತೆಗೆದ, ಚೀಲದ ಮೂಸಂಬಿಗಳೆರಡನ್ನೂ ಕೊಯ್ದು ತಾಮ್ರದ ಲೋಟಕ್ಕೆ ಹಿಂಡಿ, ತುಟಿ ಬಿಡಿಸಿ, ಸ್ವಲ್ಪ ಸ್ವಲ್ಪವಾಗಿ ಹುಯ್ದ. ತಾಯಿಗೆ ಮಾಡಿದ ಕೈ ಅದು, ಒಂದು ತೊಟ್ಟೂ ಚೆಲ್ಲಲಿಲ್ಲ. ಹತ್ತು ನಿಮಿಷದಲ್ಲಿ ರಾಯರು ಕಣ್ಣು ಬಿಟ್ಟರು. ನನ್ನನ್ನು ನೋಡಿದರು, ಮೇಜಿನ ಮೇಲಿನ ಹಣ್ಣಿನ ಹೋಳುಗಳನ್ನು ನೋಡಿದರು, ಒದ್ದೆ ಚಾಕುವನ್ನು ನೋಡಿದರು.

"ಯಾರು ಕೊಯ್ದದ್ದು?"

ಸತ್ತು ಬದುಕಿದ ಮನುಷ್ಯನ ಮೊದಲ ಮಾತು ಅದು.

"ನಾನ ರೀ ರಾಯರ. ಈಗ ಆರಾಮ ಅನಸ್ತದೇನ್ರಿ?" ಎಂದ ದುರ್ಗಪ್ಪ, ಮುಖ ತುಂಬ ಸಂತೋಷ. ರಾಯರು ಮತ್ತೆ ಕಣ್ಣು ಮುಚ್ಚಿಕೊಂಡರು.

ಮರುದಿನ ಎಂದಿನಂತೆ ಬಂದರು. ಚಾಕು ಮೇಜಿನ ಮೇಲೆ ಹಾಗೇ ಬಿದ್ದಿತ್ತು. ಮುಟ್ಟಲಿಲ್ಲ. ಮರದ ರೂಲರಿನಿಂದ ಅದನ್ನು ನನ್ನ ಕಡೆ ತಳ್ಳಿದರು.

"ಅದನ್ನು ಅವನಿಗೇ ಕೊಟ್ಟುಬಿಡು. ನನಗೆ ಬೇಡ."

"ಏನಂತ ಹೇಳಲಿ ರಾಯರೇ?"

"ಎಂಥ ಹೇಳ್ಲಿಕ್ಕುಂಟು? ರಾಯರು ಕೊಟ್ಟಿದ್ದಾರೆ ಹೇಳು."

ನಾನು ಚಾಕುವನ್ನೂ ಒರೆಯನ್ನೂ ಒಯ್ದು ದುರ್ಗಪ್ಪನ ಕೈಯಲ್ಲೇ ಇಟ್ಟು, ರಾಯರು ಕೊಟ್ಟಿದ್ದಾರೆ ಎಂದೆ. ಅವನು ಅದನ್ನು ಕಣ್ಣಿಗೆ ಒತ್ತಿಕೊಂಡ. ಪ್ರಾಣ ಉಳಿಸಿದ್ದಕ್ಕೆ ಕೊಟ್ಟ ಇನಾಮು ಎಂದು ತಿಳಿದ. ನಾಲ್ಕೂ ಮಹಡಿಗಳಲ್ಲಿ ತೋರಿಸಿದ, ಲಿಫ್ಟಿನವನಿಗೂ ತೋರಿಸಿದ. ನಿಜ ಗೊತ್ತಿದ್ದ ನಾನು ಒಳಗೊಳಗೇ ನಕ್ಕೆ. ಇಂಥ ನಗೆಯನ್ನು ಒಬ್ಬನೇ ಇಟ್ಟುಕೊಳ್ಳುವುದು ಕಷ್ಟ. ಅದೇ ಸಂಜೆ ಚಾಳಿನಲ್ಲಿ ಐವರೆದುರು ರಾಯರ ಹಾಗೆ ತೊದಲಿ, ಕಣ್ಣು ಬಿಟ್ಟು, "ಯಾರು ಕೊಯ್ದದ್ದು?" ಎಂದು ಅಭಿನಯಿಸಿ ತೋರಿಸಿದೆ. ಹೊಟ್ಟೆ ಹಿಡಿದು ನಕ್ಕರು.

ಭಾನುವಾರ ಮಾಟುಂಗದ ದೇವಸ್ಥಾನದ ಅಂಗಳದಲ್ಲಿ ಯಾರೋ ಒಬ್ಬರು, "ಏನು ರಾಯರೇ, ಈ ಸಲ ಏಕಾದಶಿಯ ದಿನವೇ ಪಾರಣೆಯಂತೆ, ಅದೂ ಪಟ್ಟೇವಾಲಾನ ಕೈಯಲ್ಲಂತೆ" ಎಂದರಂತೆ. ಸುತ್ತ ಇದ್ದವರು ನಕ್ಕರಂತೆ. ರಾಯರು ಪ್ರಸಾದ ತೆಗೆದುಕೊಳ್ಳದೆ ಮನೆಗೆ ಹೋದರಂತೆ. ದುರ್ಗಪ್ಪನೇ ಊರೆಲ್ಲ ಡಂಗುರ ಹೊಡೆದನೆಂದು ಅವರು ತೀರ್ಮಾನಿಸಿದರು. ದುರ್ಗಪ್ಪನ ಗುಡಿಸಲು ಇದ್ದದ್ದು ವಡಾಳದ ಆಚೆ, ಮಾಟುಂಗದ ಬ್ರಾಹ್ಮಣರು ಅವನಿಗೆ ಎಲ್ಲಿ ಸಿಗಬೇಕು? ನಮ್ಮ ಕಚೇರಿಯಿಂದ ಮಾಟುಂಗಕ್ಕೆ ಹೋಗುತ್ತಿದ್ದವರು ಇಬ್ಬರೇ, ರಾಯರು ಮತ್ತು ನಾನು. ಈ ಸಣ್ಣ ಲೆಕ್ಕ ಅಂಥ ಬುದ್ಧಿವಂತರಿಗೆ ಹೊಳೆಯಲಿಲ್ಲ. ನಾನೂ ಹೊಳೆಯಿಸಲಿಲ್ಲ.

ದಫ್ತರಿ ಜಾಗದ ಶಿಫಾರಸು ಹೋಯಿತು. ಅವರ ಆ ಚೆಂದದ ಇಂಗ್ಲಿಷಿನಲ್ಲಿ ಒಂದು ವಾಕ್ಯ ಹೆಚ್ಚಿಗೆ ಇತ್ತು. ದುಡಿಮೆಗಾರ, ಆದರೆ ಮೇಲಿನವರ ಡ್ರಾಯರು ತೆರೆದು ಅವರ ವಸ್ತುಗಳನ್ನು ಅಪ್ಪಣೆಯಿಲ್ಲದೆ ತೆಗೆಯುವ ಅಭ್ಯಾಸ ಇದೆ, ಎಂದು. ನಮ್ಮ ಆಡಳಿತದ ಸಾಹೇಬರು ಹೊಸಬರು, ಸಾತಾರೆಯ ಕಡೆಯವರು, ನೇರ ಮನುಷ್ಯ. ಕಡತಗಳ ಕೋಣೆಗೆ ಇಂಥವನನ್ನು ಹೇಗೆ ಹಾಕುವುದೆಂದು ವಿಚಾರಿಸಲು ರಾಯರು, ದುರ್ಗಪ್ಪ, ನಾನು, ಮೂವರನ್ನೂ ಕರೆಸಿದರು. ದುರ್ಗಪ್ಪನಿಂದ ತರಿಸಿಕೊಂಡ ಚಾಕು ಅವರ ಮೇಜಿನ ಗಾಜಿನ ಮೇಲಿತ್ತು.

"ಹಾ ಚಾಕೂ ತುಲಾ ಕುಣೀ ದಿಲಾ?" ಎಂದು ದುರ್ಗಪ್ಪನನ್ನು ಕೇಳಿದರು, ಯಾರು ಕೊಟ್ಟರು ಎಂದು.

"ರಾವ್‌ಸಾಹೇಬಾಂನೀ ದಿಲಾ," ಎಂದ ದುರ್ಗಪ್ಪ.

ಸಾಹೇಬರು ರಾಯರ ಕಡೆ ತಿರುಗಿದರು. ಕೊಟ್ಟೆ ಎಂದರೆ ಏಕೆ ಕೊಟ್ಟಿರಿ ಎಂಬ ಪ್ರಶ್ನೆ ಬರುತ್ತದೆ. ಇವನು ಮುಟ್ಟಿದ್ದರಿಂದ ಮೈಲಿಗೆಯಾಯಿತು ಎಂದು ಆ ಸಾಹೇಬರೆದುರು ಬಾಯಿಬಿಟ್ಟರೆ ಹೆಡ್ ಕ್ಲಾರ್ಕಿನ ಕುರ್ಚಿ ಉಳಿಯುತ್ತಿರಲಿಲ್ಲ, ಅಸ್ಪೃಶ್ಯತೆಯ ಕಾನೂನು ಹಿಡಿದು ಪೊಲೀಸರೂ ಬರಬಹುದಿತ್ತು. ಇನಾಮು ಎಂದು ಹೇಳಿ ಪಾರಾಗಬಹುದಿತ್ತು, ಅದು ದುರ್ಗಪ್ಪನೇ ನಂಬಿದ್ದ ಮಾತು. ಆದರೆ ಇವನ ಕೈಯಿಂದ ಪ್ರಾಣ ಉಳಿಯಿತೆಂದು ಇವನೆದುರೇ ಒಪ್ಪಿಕೊಳ್ಳಬೇಕಲ್ಲ, ಅದು ಅವರ ಗಂಟಲಿನಲ್ಲಿ ಇಳಿಯಲಿಲ್ಲ. ಕೊಟ್ಟ ನೆನಪಿಲ್ಲ ಎಂದರು, ಇಂಗ್ಲಿಷಿನಲ್ಲಿ, ಬಹಳ ಮರ್ಯಾದೆಯಿಂದ.

ಆಮೇಲೆ ಸಾಹೇಬರು ನನ್ನನ್ನು ಕೇಳಿದರು. ಮುಂದಿನ ತಿಂಗಳು ನನ್ನ ಕೆಲಸ ಖಾಯಂ ಆಗಬೇಕಿತ್ತು, ಅದಕ್ಕೆ ರಾಯರ ಸಹಿ ಬೇಕಿತ್ತು. ರಾಯರು ನನ್ನನ್ನು ನೋಡುತ್ತಿರಲಿಲ್ಲ, ನೋಡುವ ಅಗತ್ಯವೂ ಇರಲಿಲ್ಲ. ಆ ಚಾಕುವನ್ನು ನನ್ನ ಈ ಕೈಯಿಂದಲೇ ದುರ್ಗಪ್ಪನ ಕೈಗೆ ಕೊಟ್ಟವನು ನಾನು.

"ನನಗೂ ನೆನಪಿಲ್ಲ ಸರ್," ಎಂದೆ.

ಕಳ್ಳತನ ಎಂದು ಯಾರೂ ಅನ್ನಲಿಲ್ಲ, ಮನುಷ್ಯನ ಪ್ರಾಣ ಉಳಿಸಿದ್ದಾನೆಂಬುದು ಎಲ್ಲರಿಗೂ ಗೊತ್ತಿತ್ತು. ದಫ್ತರಿಯ ಸ್ಟೂಲು ಮಾತ್ರ ಬೇರೆಯವನಿಗೆ ಹೋಯಿತು. ದುರ್ಗಪ್ಪನನ್ನು ಶಿವಡಿಯ ಗೋದಾಮಿಗೆ ಹಾಕಿದರು. ಅಲ್ಲಿ ಮೆಟ್ಟಿಲಿನ ಬದಲು ಏಣಿ. ಚಾಕುವನ್ನು ಸಾಹೇಬರು ಎಲ್ಲರೆದುರು ರಾಯರ ಕೈಗೇ ಕೊಟ್ಟರು. ತೆಗೆದುಕೊಳ್ಳದೆ ಗತ್ಯಂತರವಿರಲಿಲ್ಲ. ಬಾಗಿಲು ದಾಟುತ್ತಲೇ ಅದನ್ನು ನನ್ನ ಜೇಬಿಗೆ ತುರುಕಿ ಕೈ ತೊಳೆಯಲು ಹೋದರು. ಈಗಲೂ ಅದು ನಮ್ಮ ಅಡುಗೆಮನೆಯಲ್ಲಿದೆ, ಹೆಂಡತಿ ಅದರಲ್ಲಿ ಹಸಿಮೆಣಸು ಹೆಚ್ಚುತ್ತಾಳೆ. ಚಾಕು ಒಳ್ಳೆಯದು, ಅದನ್ನು ಹೇಳಲೇಬೇಕು. ರಾಯರು ಆಮೇಲೆ ಬಾಳೆಹಣ್ಣು ತರತೊಡಗಿದರು. ಅದಕ್ಕೆ ಚಾಕುವೇ ಬೇಡ ಎಂಬುದು ಹೊಳೆಯಲು ಇಷ್ಟೆಲ್ಲ ಆಗಬೇಕಾಯಿತು.

ನನ್ನ ಕೆಲಸ ಖಾಯಂ ಆಯಿತು. ರಾಯರು ನಿವೃತ್ತರಾದಾಗ ಹಾರ ಹಾಕಿ ಭಾಷಣ ಮಾಡಿದವನೂ ನಾನೇ.

ಹೋದ ವಾರ ದಾದರ್ ಸ್ಟೇಷನ್ನಿನ ಸೇತುವೆಯ ಮೆಟ್ಟಿಲು ಇಳಿಯುತ್ತಿದ್ದೆ. ನಡುವಿನ ಮೆಟ್ಟಿಲಿನಲ್ಲಿ ಒಬ್ಬ ಮುದುಕ ಕಂಬಿ ಹಿಡಿದು ಕೂತಿದ್ದ, ಜನ ಅವನ ಎರಡೂ ಕಡೆಯಿಂದ ಹರಿದು ಹೋಗುತ್ತಿದ್ದರು. ನಾನು ಗುರುತಿಸುವ ಮೊದಲೇ ಅವನು ಗುರುತಿಸಿದ.

"ಸಾಹೇಬ್ರ, ಆರಾಮಿದೀರಿ?"

ಒಂದೇ ಉಸಿರಿಗೆ ಮೆಟ್ಟಿಲು ಇಳಿಯಲಾಗುವುದಿಲ್ಲವಂತೆ, ನಡುವೆ ಹೀಗೆ ಕೂರುತ್ತಾನಂತೆ. ಗೋದಾಮಿನ ಕೆಲಸವೂ ಬಿಟ್ಟುಹೋಗಿತ್ತು. ರಾಯರ ಸುದ್ದಿ ಹೇಳಿದೆ.

"ಸಕ್ರಿ ಬ್ಯಾನಿನ ಏನ್ರೀ?"

"ಹೂಂ. ಏಕಾದಶಿ ದಿನ. ಮನೆಯಲ್ಲಿ."

"ಹತ್ತರ ಯಾರೂ ಇರಲಿಲ್ಲೇನ್ರೀ?" ಎಂದು ಕೇಳಿದ. ಅವನ ಕಣ್ಣಲ್ಲಿ ನೀರು ಇತ್ತು. ನನಗೆ ರಾಯರಿಗಾಗಿ ಒಂದು ಹನಿಯೂ ಬಂದಿರಲಿಲ್ಲ.

ವರ್ಷಗಳಿಂದ ಮನಸ್ಸಿನಲ್ಲೇ ಕಟ್ಟಿ ಇಟ್ಟುಕೊಂಡಿದ್ದ ಮಾತನ್ನು ಶುರು ಮಾಡಿದೆ. "ದುರ್ಗಪ್ಪ, ಅವತ್ತು ಸಾಹೇಬರ ಕೋಣೆಯಲ್ಲಿ ನಾನು..."

"ಬಿಡ್ರಿ ಅದನ್ನ," ಎಂದ. "ಆಮ್ಯಾಲ ಸಾಹೇಬ್ರು ನನ್ನ ಒಬ್ಬಾವನ್ನ ಕರದು ಕೇಳಿದ್ರು ನೋಡ್ರಿ. ರಾಯರು ತಾವ ಕೊಟ್ರೋ, ಯಾರ ಕೈಲೆ ಕೊಟ್ಟು ಕಳಿಸಿದ್ರೋ, ಹೆಸರು ಹೇಳು, ಹೇಳಿದ್ರ ಆ ಜಾಗಾ ನಿನಗ ಕೊಡ್ತೀನಿ ಅಂದ್ರು. ನಾ ಹೇಳ್ಲಿಲ್ಲ."

"ಯಾಕೆ ಹೇಳಲಿಲ್ಲ?"

"ನೀವು ನೆನಪಿಲ್ಲ ಅಂದ್ ಬಿಟ್ಟಿದ್ರಿ. ಸುಳ್ಳ ಹೇಳಿದ್ರಿ ಅಂತ ಗೊತ್ತಾಗಿದ್ರ ನಿಮ್ಮ ನೌಕರಿ ಹೋಗತಿತ್ತಲ್ರೀ. ಪಕ್ಕಾ ಆಗಿರಲಿಲ್ಲ ಇನ್ನಾ." ಕಂಬಿಯನ್ನು ಹಿಡಿದು ಏಳಲು ನೋಡಿ, ಆಗದೆ ಮತ್ತೆ ಕೂತ. ಕೆಳಗೆ ಪ್ಲಾಟ್‌ಫಾರ್ಮಿಗೆ ಗಾಡಿ ಬಂದು ನಿಂತಿತು. "ಹೋಗ್ರಿ, ನಿಮ್ಮ ಗಾಡಿ ಬಂತ್ ನೋಡ್ರಿ," ಎಂದ.

ಅದು ಕಲ್ಯಾಣದ ಫಾಸ್ಟ್ ಗಾಡಿ, ನಾನು ಇಳಿಯಬೇಕಾದ ಮಾಟುಂಗದಲ್ಲಿ ನಿಲ್ಲುವುದಿಲ್ಲ. ನಾನು ಓಡಿಹೋಗಿ ಹತ್ತಿದೆ.